ಹಕ್ಕಳೆಗೆ ಕೈ ಹಾಕಬೇಡ

ಫೆಬ್ರವರಿ ೪

ಪ್ರೀತಿಯ ಅಕ್ಕನಿಗೆ,

ಕಾಗದ ತಡವಾಯಿತು. ನೀನು ಅಂಗಡಿ ಬಾಗಿಲಲ್ಲಿ ನಿಂತು ಅಂಚೆಯವನನ್ನು ಗದರಿಸಿರುತ್ತೀಯ ಎಂದು ಗೊತ್ತು. ಪಾಪ, ಅವನದೇನೂ ತಪ್ಪಿಲ್ಲ.

ಕೈಕಾಲು ನೆಟ್ಟಗಿವೆ, ಊಟ ಸೇರುತ್ತಿದೆ. ತಲೆಗೆ ಸ್ವಲ್ಪ ಗಾಯವಾಗಿದೆ, ಅಷ್ಟೇ. ಲಿಫ್ಟಿನ ಕೆಲಸ ಎಂದ ಮೇಲೆ ಇದೆಲ್ಲ ಇದ್ದದ್ದೇ. ಡಾಕ್ಟರು ನೋಡಿದ್ದಾರೆ. ಹಣೆಯಿಂದ ನಡುನೆತ್ತಿಯವರೆಗೆ ಚುಕ್ಕಿಚುಕ್ಕಿಯಾಗಿ ರಕ್ತ ಒಣಗಿ ಹಕ್ಕಳೆ ಕಟ್ಟುತ್ತಿದೆ. ಹಿಂದಲೆಯಲ್ಲೂ ಒಂದಿಷ್ಟು. ದಿಂಬು ಎತ್ತರಿಸಿಕೊಂಡು ಅಂಗಾತ ಮಲಗಬೇಕು, ಮಗ್ಗುಲು ಬದಲಿಸುವ ಹಾಗಿಲ್ಲ.

ಸದ್ಯಕ್ಕೆ ನಾನು ಮನೆಯಲ್ಲಿಲ್ಲ. ಜೊತೆಗೆ ಕೆಲಸ ಮಾಡುವ ವೆಲ್ಡರಿನ ಕೋಣೆಯಲ್ಲಿದ್ದೇನೆ. ಕಾಗದ ಇಲ್ಲಿಗೇ ಹಾಕು, ವಿಳಾಸ ಲಕೋಟೆಯ ಹಿಂದೆ ಇದೆ. ಮನೆಯಲ್ಲಿ ಮಗಳಿಗೂ ಅಳಿಯನಿಗೂ ಏನೂ ಹೇಳಿಲ್ಲ. ಅಪ್ಪ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾನೆ ಎಂದುಕೊಂಡಿದ್ದಾಳೆ. ನೀನೂ ಹೇಳಬೇಡ. ಮುಂದಿನ ತಿಂಗಳ ಕೊನೆಗೆ ಒಂದು ಮುಖ್ಯ ಕೆಲಸವಿದೆ, ಅಷ್ಟರೊಳಗೆ ತಲೆ ಸರಿಹೋಗಲೇಬೇಕು.

ಒಂದೇ ಕಷ್ಟವೆಂದರೆ ತುರಿಕೆ. ತಲೆಯ ಮೇಲೆ ಇರುವೆಗಳು ಮೆರವಣಿಗೆ ಹೊರಟ ಹಾಗಿದೆ. ನಿನ್ನೆ ಬೆರಳು ತಾಗಿ ಒಂದು ಹಕ್ಕಳೆ ಎದ್ದು ರಕ್ತ ಬಂತು. ಜೀವ ಬಾಯಿಗೆ ಬಂದ ಹಾಗಾಯಿತು. ಚಿಕ್ಕವನಿದ್ದಾಗ ನನಗೆ ಮೈತುಂಬ ಗುಳ್ಳೆ ಎದ್ದಿದ್ದವಲ್ಲ, ಆಗ ನೀನು ಏನೋ ಮಾಡಿದ್ದೆ. ಅದೇನೆಂದು ಬರೆ.

ನಿನ್ನ ತಮ್ಮ


ಫೆಬ್ರವರಿ ೮

ನನ್ನ ಗುಬ್ಬಿಗೆ,

ಮಂಡಿ ಹಾಗೇ ಇದೆ, ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಗಟ್ಟಿ. ನನ್ನ ಸಮಾಚಾರ ಇಷ್ಟು ಸಾಕು.

ಯಾರು ಹೊಡೆದದ್ದು?

ನನಗೆ ಸುಳ್ಳು ಬರೆಯಬೇಡ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಟ್ಟೆಯಂಗಡಿಯ ಚೀಟಿ ಓದಿ ಅಕ್ಷರ ಕಲಿತೆ, ಕುರ್ಚಿಯ ಅಳತೆ ಬರೆದು ಬರೆದು ಅಂಕಿ ಕಲಿತೆ. ಆದರೆ ಜೀವಮಾನವೆಲ್ಲ ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸಿ ಮೊಳೆ ಹೊಡೆದಿದ್ದೇನೆ. ತೂತು ನೋಡಿದರೆ ಮೊಳೆ ಯಾವುದೆಂದು ಹೇಳಬಲ್ಲೆ. ಮೇಲಿಂದ ಏನಾದರೂ ಬಿದ್ದರೆ ತಲೆ ಒಂದು ಕಡೆ ಒಡೆಯುತ್ತದೆ. ಹಣೆಯಿಂದ ನೆತ್ತಿಯವರೆಗೆ ಚುಕ್ಕಿಚುಕ್ಕಿ, ಮತ್ತೆ ಹಿಂದಲೆಯಲ್ಲೂ ಚುಕ್ಕಿ ಎಂದರೆ ಯಾರೋ ತುಕ್ಕು ಕೆರೆಯುವ ತಂತಿ ಬ್ರಷ್ಷಿನಿಂದ ಬಾರಿಸಿದ್ದಾರೆ. ನೀನು ತಪ್ಪಿಸಿಕೊಳ್ಳಲು ತಿರುಗಿದಾಗ ಹಿಂದಿನಿಂದಲೂ ಬಾರಿಸಿದ್ದಾರೆ.

ಇನ್ನು, ಮಗಳಿಗೆ ಹೇಳಿಲ್ಲ ಎನ್ನುತ್ತೀಯ. ಮನೆ ಬಿಟ್ಟು ವೆಲ್ಡರಿನ ಕೋಣೆಯಲ್ಲಿ ಅಡಗಿದ್ದೀಯ. ಪೆಟ್ಟು ತಿಂದವನು ಮನೆಗೆ ಓಡಿ ಬರುತ್ತಾನೆ, ಮನೆಯಲ್ಲೇ ಪೆಟ್ಟು ತಿಂದವನು ಮಾತ್ರ ಹೊರಗೆ ಓಡುತ್ತಾನೆ. ಬಚ್ಚಲ ಬಾಗಿಲು ದಡಾರನೆ ಹಾಕುವ ವಿಷಯಕ್ಕೆ ಅಳಿಯನಿಗೂ ನಿನಗೂ ಮಾತು ಬೆಳೆದಿತ್ತು ಎಂದು ಹಿಂದಿನ ಕಾಗದದಲ್ಲಿ ನೀನೇ ಬರೆದಿದ್ದೆ. ಕೊರಿಯರ್ ಕಚೇರಿಯಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿ ಎಸೆಯುವ ಕೈ ಅದು. ಮೆತ್ತಗೆ ಮಾತಾಡುವವರನ್ನು ನಾನು ಮೊದಲಿನಿಂದಲೂ ನಂಬಿಲ್ಲ.

ನಿನ್ನನ್ನು ಹೆತ್ತ ಅಮ್ಮ ಬೇಗ ಹೋದಳು, ಸಾಕಿದ ನಾನು ಇನ್ನೂ ಇದ್ದೇನೆ. ಆದ್ದರಿಂದ ಅಳಿಯನಿಗೂ ಇವತ್ತೇ ಒಂದು ಕಾಗದ ಬರೆದು ಹಾಕಿದ್ದೇನೆ. ಏನು ಬರೆದೆ ಎಂದು ಕೇಳಬೇಡ. ಬರೆದು ಮುಗಿಸುವಷ್ಟರಲ್ಲಿ ಪೆನ್ನಿನ ಮೂತಿ ಮುರಿದಿತ್ತು.

ಈಗ ತುರಿಕೆಯ ಮಾತು. ನಿನಗೆ ಸೀತಾಳೆ ಸಿಡುಬು ಎದ್ದಾಗ ಎರಡೂ ಕೈಗೆ ಅಪ್ಪನ ಕಾಲುಚೀಲ ತೊಡಿಸಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿಸಿದ್ದೆ. "ಅಕ್ಕಾ, ಒಂದೇ ಒಂದು ಕೀಳ್ತೀನಿ" ಅಂತ ನೀನು ಗೋಗರೆದಿದ್ದೆ. ಬಿಡಲಿಲ್ಲ. ಇವತ್ತು ನಿನ್ನ ಮುಖದ ಮೇಲೆ ಒಂದು ಕಲೆಯೂ ಇಲ್ಲ, ಯಾಕೆ ಹೇಳು? ಈಗಲೂ ಅದೇ ಮಾತು. ಹಕ್ಕಳೆಗೆ ಕೈ ಹಾಕಬೇಡ. ನೀರು ಸೋಕಿಸಬೇಡ. ಯಾರೇ ಏನೇ ಹೇಳಲಿ ತೊಳೆಯಬೇಡ. ಹಕ್ಕಳೆ ಎಂದರೆ ಗಾಯದ ಮೇಲಿನ ಮುಚ್ಚಳ. ಒಳಗಿನ ಅಡುಗೆ ಬೆಂದ ಮೇಲೆ ಮುಚ್ಚಳ ತಾನಾಗಿ ಬೀಳುತ್ತದೆ.

ನಿನ್ನ ಅಕ್ಕ


ಫೆಬ್ರವರಿ ೧೩

ಅಕ್ಕ,

ಏನು ಮಾಡಿಟ್ಟೆ ನೀನು?

ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುತ್ತಾರೆ ಎಂದು ಕೇಳಿದ್ದೆ. ನೀನು ಬೋಳು ತಲೆಗೂ ಅಳಿಯನ ಕೈಗೂ ಗಂಟು ಹಾಕಿದೆ. ಆ ಹುಡುಗ ಇರುವೆ ಮೆಟ್ಟಿದರೂ "ಸಾರಿ" ಎನ್ನುವವನು. ಅವನಿಗೆ "ತಲೆ ಒಡೆಯುವ ಕೈಗೆ ಬೇಡಿ ಹಾಕಿಸುತ್ತೇನೆ, ನನಗೆ ಪೊಲೀಸರ ಪರಿಚಯವಿದೆ" ಎಂದು ಬರೆದಿದ್ದೀಯ. ಯಾವ ಪೊಲೀಸರ ಪರಿಚಯ ನಿನಗೆ? ನೀನು ಹೊಲಿದುಕೊಟ್ಟ ಠಾಣೆಯ ಬೆಂಚಿನ ಮೆತ್ತೆಯ ಪರಿಚಯ!

ಅವನು ಕಾಗದವನ್ನು ನಿಂತಲ್ಲೇ ಓದಿ, ಮತ್ತೆ ಓದಿ, ಹೆಂಡತಿಯ ಕೈಗೆ ಕೊಟ್ಟು, "ನಾನು ನಿಮ್ಮಪ್ಪನಿಗೆ ಹೊಡೆದಿದ್ದೀನಾ? ನನಗೆ ನೆನಪಿಲ್ಲ" ಎಂದನಂತೆ. ಅದರಲ್ಲಿ ನೀನು ವಿಳಾಸವನ್ನೂ ಬರೆದಿದ್ದೆಯಲ್ಲ, ಮಗಳು ನೇರವಾಗಿ ವೆಲ್ಡರಿನ ಕೋಣೆಗೆ ಬಂದಳು. ನಾನು ಬಾಗಿಲು ತೆರೆದೆ. ತಲೆ ಮುಚ್ಚಿಕೊಳ್ಳಲೂ ಸಮಯ ಸಿಗಲಿಲ್ಲ.

"ಅಪ್ಪಾ, ಇದೇನಿದು?"

"ಗಾಯ."

"ಗಾಯ ಯಾವಾಗಾದ್ರೂ ಗೆರೆ ಎಳೆದ ಹಾಗೆ ಸಾಲಾಗಿ ಆಗುತ್ತಾ?"

ಅವಳಿಗೆ ಹೇಳಿದ ಮೇಲೆ ನಿನಗೂ ಹೇಳುತ್ತೇನೆ, ಇನ್ನು ಬಚ್ಚಿಡಲು ಏನು ಉಳಿದಿದೆ? ಯಾರೂ ಹೊಡೆದಿಲ್ಲ. ಕೂದಲು ನೆಡಿಸಿಕೊಂಡೆ. ಹಿಂದಲೆಯಿಂದ ಒಂದೊಂದೇ ಕೂದಲನ್ನು ಬೇರು ಸಮೇತ ಎತ್ತಿ, ಮುಂದೆ ಸಣ್ಣ ಸಣ್ಣ ತೂತು ಕೊರೆದು ನೆಡುತ್ತಾರೆ. ಒಂದು ಹಗಲು ಪೂರ್ತಿ ಹಿಡಿಯಿತು. ಒಂದೊಂದು ಹಕ್ಕಳೆಯ ಕೆಳಗೂ ಒಂದೊಂದು ಕೂದಲು ಕೂತಿದೆ. ಈಗ ಎಷ್ಟೋ ಜನ ಮಾಡಿಸಿಕೊಳ್ಳುತ್ತಾರೆ, ನಾನೇನು ಕೊಲೆ ಮಾಡಿಲ್ಲ. ನನ್ನ ತಲೆ, ನನ್ನ ಇಷ್ಟ. ಯಾಕೆ ಎಂದು ಕೇಳಬೇಡ.

ಮಗಳು ಬೈದು, ಅತ್ತು, ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ಬಾಗಿಲು ದಡಾರನೆ ಹಾಕುವ ಕಾಯಿಲೆ ಆ ಮನೆಯಲ್ಲಿ ಯಾರದು ಎಂದು ಈಗ ತಿಳಿಯಿತು.

ಅಳಿಯನಿಗೆ ಕ್ಷಮೆ ಕೇಳಿ ಬರೆ. ಮತ್ತೆ ನನ್ನ ವಿಷಯದಲ್ಲಿ ಇನ್ನೊಬ್ಬರಿಗೆ ಕಾಗದ ಹಾಕಿದರೆ ನನ್ನ ನಿನ್ನ ಮಾತು ಅಲ್ಲಿಗೇ ಮುಗಿಯಿತು. ನಿನ್ನ ಅಪ್ಪಣೆಯಂತೆ ತಲೆಗೆ ಕೈ ಹಾಕಿಲ್ಲ. ಸಮಾಧಾನವಾಯಿತೇ?

ತಮ್ಮ


ಫೆಬ್ರವರಿ ೧೭

ಲಿಫ್ಟ್ ಸಾಹೇಬರ ಸನ್ನಿಧಾನಕ್ಕೆ,

ಅಳಿಯನಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ಒಂದೇ ಸಾಲು: "ನೀನು ಹೊಡೆದಿಲ್ಲವಂತೆ, ತಪ್ಪಾಯಿತು, ಆದರೆ ಹೊಡೆದಿದ್ದರೂ ಅವನಿಗೆ ಸಲ್ಲುತ್ತಿತ್ತು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆಯನ್ನು ನಮ್ಮ ಅಜ್ಜಿ ದಿನಕ್ಕೆರಡು ಸಲ ಹೇಳುತ್ತಿದ್ದಳು. ಪುಣ್ಯಾತ್ಮ, ನೀನು ಆ ಗಾದೆಯನ್ನೂ ಮೀರಿಸಿದೆ. ಮಲ್ಲಿಗೆಯ ಮಾತು ಹಾಗಿರಲಿ, ಜುಟ್ಟನ್ನೇ ನೆಡಿಸಿಕೊಂಡೆ! ಕೂದಲು ಬೇಕಿದ್ದರೆ ನನ್ನ ಅಂಗಡಿಗೆ ಬರಬೇಕಿತ್ತು. ಹಳೆಯ ಸೋಫಾಗಳಿಂದ ಕಿತ್ತ ಕುದುರೆ ಕೂದಲು ಮೂಲೆಯಲ್ಲಿ ಚೀಲಗಟ್ಟಲೆ ಬಿದ್ದಿದೆ. ಗೋಂದು ನಾನೇ ಕಾಯಿಸಿಕೊಡುತ್ತಿದ್ದೆ. ಕುದುರೆಯೂ ಬೇಡ ಎನ್ನುತ್ತಿರಲಿಲ್ಲ.

ನಗುತ್ತಿದ್ದೇನೆ ಎಂದುಕೊಳ್ಳಬೇಡ. ಮೈ ಉರಿಯುತ್ತಿದೆ.

ನಿನಗೆ ಯಾರೋ ಹೊಡೆದರು ಎಂದುಕೊಂಡು ಇಲ್ಲಿ ನಾನು ಅನ್ನ ಬಿಟ್ಟು ಕೂತಿದ್ದೆ. ಬಸ್ಸು ಹತ್ತಿ ಬಂದುಬಿಡಬೇಕೆಂದು ಚೀಲಕ್ಕೆ ಸೀರೆ ತುಂಬಿದ್ದೆ. ಪಕ್ಕದ ಬೀಗದ ರಿಪೇರಿಯವನು "ಎಲ್ಲಿಗಮ್ಮಾ?" ಅಂದಾಗ "ನನ್ನ ತಮ್ಮನ ಪ್ರಾಣ ಉಳಿಸೋಕೆ" ಅಂದೆ. ಈಗ ಅವನು ದಿನಾ ಕೇಳುತ್ತಾನೆ, "ತಮ್ಮ ಹೇಗಿದ್ದಾರೆ? ಪ್ರಜ್ಞೆ ಬಂತಾ?" ಏನು ಹೇಳಲಿ? ಪ್ರಜ್ಞೆ ಇನ್ನೂ ಬಂದಿಲ್ಲ ಎಂದೇ ಹೇಳುತ್ತಿದ್ದೇನೆ. ಅದು ಸುಳ್ಳೂ ಅಲ್ಲ.

ಅಪ್ಪನದೂ ಅದೇ ತಲೆ. ಜನಜಂಗುಳಿಯಲ್ಲಿ ಅವನ ನೆತ್ತಿ ಹೊಳೆದರೆ ನಾವು ಅಲ್ಲಿಗೆ ಓಡುತ್ತಿದ್ದೆವು. ಆ ತಲೆಯಲ್ಲಿ ನಿನಗೇನು ಕಡಿಮೆ ಕಂಡಿತು? ಹೆಂಡತಿ ಇದ್ದಷ್ಟು ಕಾಲ ಆ ತಲೆಯ ಜೊತೆಯೇ ಸಂಸಾರ ಮಾಡಿದಳು, ಒಂದು ದಿನ ಗೊಣಗಲಿಲ್ಲ. ಈಗ ಈ ವಯಸ್ಸಿನಲ್ಲಿ, ಲಿಫ್ಟಿನ ಗುಂಡಿಯೊಳಗೆ, ಹೆಲ್ಮೆಟ್ಟಿನ ಅಡಿಯಲ್ಲಿ, ಯಾರಿಗೆ ತೋರಿಸಲು ಕೂದಲು? ಇಲಿಗಳಿಗೋ?

"ಯಾಕೆ ಎಂದು ಕೇಳಬೇಡ" ಎನ್ನುತ್ತೀಯ. ನಾನು ಕೇಳಿಯೇ ಕೇಳುತ್ತೇನೆ. ಯಾಕೆ?

ಅಕ್ಕ


ಫೆಬ್ರವರಿ ೨೨

ಅಕ್ಕ,

ಕೇಳಿದೆಯಲ್ಲ, ಓದಿಕೋ.

ಮೊದಲು ತಲೆಯ ಕಥೆ. ಆಸ್ಪತ್ರೆಯವರು ಮೊದಲ ಸಲ ತಾವೇ ತೊಳೆದು ತೋರಿಸಿಕೊಟ್ಟಿದ್ದರು. ನೊರೆ ಹಚ್ಚಿ ನೆನೆಯಲು ಬಿಡಬೇಕು, ಮೇಲಿಂದ ಉಗುರುಬೆಚ್ಚಗಿನ ನೀರು ಸುರಿಯಬೇಕು, ಉಜ್ಜಬಾರದು, ವಾರ ಕಳೆದ ಮೇಲೆ ಬೆರಳ ತುದಿಯ ಮೆತ್ತನೆಯ ಭಾಗದಿಂದ ಸುತ್ತುಸುತ್ತಾಗಿ ಸವರಿ ಹಕ್ಕಳೆಗಳನ್ನು ಬಿಡಿಸಬೇಕು. ಎಲ್ಲವನ್ನೂ ಬಾಯಲ್ಲಿ ಹೇಳಿದರು, ಹಾಳೆಯಲ್ಲೂ ಅಚ್ಚು ಹಾಕಿಕೊಟ್ಟರು. ಆ ಹಾಳೆ ಕಿಟಕಿಯ ಮೇಲಿತ್ತು. ನಿನ್ನ ಕಾಗದ ದಿಂಬಿನ ಕೆಳಗಿತ್ತು. ನೊರೆ ಕೈಗೆ ಸುರಿದುಕೊಂಡಾಗಲೆಲ್ಲ ನಿನ್ನ ದನಿ ಕೇಳುತ್ತಿತ್ತು. ನೀರು ಸೋಕಿಸಬೇಡ. ಯಾರೇ ಏನೇ ಹೇಳಲಿ ತೊಳೆಯಬೇಡ. ಕೈ ತೊಳೆದುಕೊಂಡು ಬಂದು ಮಲಗುತ್ತಿದ್ದೆ. ಕೂದಲು ನೆಡಿಸಿದ್ದು ಎಂದು ಗೊತ್ತಾದ ಮೇಲಾದರೂ ಆ ಮಾತನ್ನು ನೀನು ವಾಪಸ್ಸು ತೆಗೆದುಕೊಳ್ಳುತ್ತೀಯ ಎಂದುಕೊಂಡೆ. ನೀನು ಕುದುರೆ ಕೂದಲಿನ ಬಗ್ಗೆ ಒಂದು ಪುಟ ಬರೆದೆ, ಹಕ್ಕಳೆಯ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ.

ಹಕ್ಕಳೆ ಒಂದಕ್ಕೊಂದು ಕೂಡಿಕೊಂಡು ಮರದ ತೊಗಟೆಯ ಹಾಗಾಯಿತು. ಆಮೇಲೆ ಬಲಗಡೆ ಹಣೆಯ ಮೇಲೆ ಕೆಂಪಗೆ ಊದಿತು, ಕೀವು ತುಂಬಿತು, ವಾಸನೆ ಬಂತು. ವೆಲ್ಡರು "ಅಣ್ಣಾ, ಕೋಣೇಲಿ ಏನೋ ಸತ್ತಿದೆ" ಎಂದು ಮಂಚದ ಕೆಳಗೆಲ್ಲ ಹುಡುಕಿದ. ಸತ್ತದ್ದು ನನ್ನ ತಲೆಯ ಮೇಲಿತ್ತು.

ಆಸ್ಪತ್ರೆಗೆ ಓಡಿದೆ. ನರ್ಸಮ್ಮ ನನ್ನ ಟೋಪಿ ತೆಗೆದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರ್ರೀ ಹೇಳಿದ್ದು ತೊಳೀಬೇಡಿ ಅಂತ?"

"ನಮ್ಮಕ್ಕ."

"ನಿಮಗೆ ವಯಸ್ಸೆಷ್ಟು?"

ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಕೀವು ತೆಗೆದರು, ಮಾತ್ರೆ ಕೊಟ್ಟರು. ಆ ಮೂಲೆಯಲ್ಲಿ ನೆಟ್ಟ ಕೂದಲು ಉಳಿಯುವುದು ಅನುಮಾನವಂತೆ. ಇದು ನಿನ್ನಿಂದ ಆದದ್ದು. ಐವತ್ತು ದಾಟಿದ ಗಂಡಸು ನಾನು, ಇನ್ನೂ ನಿನ್ನ ಕಾಲುಚೀಲ ಕೈಗೆ ಕಟ್ಟಿಕೊಂಡೇ ಇದ್ದೇನೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲಿದೆ.

ಇನ್ನು 'ಯಾಕೆ'. ಮಾರ್ಚ್ ಕೊನೆಯ ದಿನ ನಾನು ಮದುವೆಯಾಗುತ್ತಿದ್ದೇನೆ. ನೋಂದಣಿ ಕಚೇರಿಯಲ್ಲಿ, ಸರಳವಾಗಿ. ಆಕೆ ಕನ್ನಡಕದಂಗಡಿ ನಡೆಸುತ್ತಾಳೆ. ಹೋದ ವರ್ಷ ಅವರ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋದಾಗ ಒಳಗೆ ಆಕೆ ಒಬ್ಬಳೇ ಇದ್ದಳು. ನಾನು ಮೇಲಿಂದ ಕೆಲಸ ಮಾಡುತ್ತ ಮಾತಾಡಿಸುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಆಕೆಯ ಬೈತಲೆ ಮಾತ್ರ, ಆಕೆಗೆ ಕಾಣುತ್ತಿದ್ದದ್ದು ನನ್ನ ಬೂಟು. ಬಾಗಿಲು ತೆರೆದಾಗ "ಇಷ್ಟು ಬೇಗ ಯಾಕೆ ತೆಗೆದ್ರಿ, ಮಾತು ಅರ್ಧಕ್ಕೆ ನಿಂತುಹೋಯ್ತು" ಎಂದಳು. ಆಕೆ ನನಗಿಂತ ಬಹಳ ಚಿಕ್ಕವಳೇನೂ ಅಲ್ಲ. ಆದರೂ ಒಂದು ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ನನ್ನನ್ನು ನೋಡಿ, "ನಿಮ್ಮ ತಂದೆಯವರಾ?" ಎಂದು ಆಕೆಯನ್ನು ಕೇಳಿದ. ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಮಾರನೆಯ ದಿನವೇ ಆಸ್ಪತ್ರೆಗೆ ಹೋದೆ.

ತಲೆಯ ವಿಷಯ ಆಕೆಗೂ ಗೊತ್ತಿಲ್ಲ, ಬೇರೆ ಊರಿನ ಕೆಲಸ ಎಂದೇ ಹೇಳಿದ್ದೇನೆ. ಮದುವೆಯ ವಿಷಯ ಮಗಳಿಗೆ ಈ ವಾರ ಹೇಳಿದೆ. ನಿನಗೆ ಈಗ ಹೇಳಿದ್ದೇನೆ. ಆದರೆ ನೀನು ಬರಬೇಡ. ಬಂದು, ಎಲ್ಲರೆದುರು ಕುದುರೆ ಕೂದಲು ಎಂದು ನಗಿಸುತ್ತೀಯ. ನನಗೆ ಸಾಕಾಗಿದೆ.

ತಮ್ಮ


ಫೆಬ್ರವರಿ ೨೭

ತಮ್ಮನಿಗೆ,

ನಿನ್ನ ಕಾಗದ ಬಂದಾಗ ದಂತವೈದ್ಯರ ಕುರ್ಚಿಗೆ ಹೊಸ ಬಟ್ಟೆ ಹೊದಿಸುತ್ತಿದ್ದೆ. ಓದಿ ಮುಗಿಸಿ ಹೊಡೆದ ಮೊದಲ ಮೊಳೆಗೇ ಮರದ ಚೌಕಟ್ಟು ಸೀಳಿತು. ವೈದ್ಯರು ಅಲ್ಲೇ ನಿಂತಿದ್ದರು. "ಏನಮ್ಮಾ, ಸಿಟ್ಟು ಯಾರ ಮೇಲೆ?" ಎಂದರು. "ನಮ್ಮ ತಮ್ಮನ ತಲೆ ಮೇಲೆ" ಎಂದೆ.

ನನ್ನಿಂದ ಆಯಿತು ಎನ್ನುತ್ತೀಯ. ಒಪ್ಪುವುದಿಲ್ಲ. ಪೆಟ್ಟು ಬಿದ್ದ ತಲೆ ಎಂದು ನೀನು ಬರೆದೆ, ಪೆಟ್ಟು ಬಿದ್ದ ತಲೆಗೆ ಏನು ಹೇಳಬೇಕೋ ಅದನ್ನು ನಾನು ಹೇಳಿದೆ. ಗಿರಾಕಿ ಸ್ಟೂಲು ಎಂದು ಹೇಳಿ ಆರಾಮಕುರ್ಚಿ ತಂದಿಟ್ಟರೆ ಬಟ್ಟೆ ಸಾಲದೆ ಹೋಗುವುದು ಯಾರ ತಪ್ಪು? ಎದುರಿಗೆ ನಿಂತ ನರ್ಸಮ್ಮನ ಮಾತು ಬಿಟ್ಟು, ಬಸ್ಸಿನಲ್ಲಿ ಇಡೀ ಹಗಲು ಪ್ರಯಾಣ ಮಾಡಿ ಬಂದ ನನ್ನ ಕಾಗದ ಹಿಡಿದುಕೊಂಡೆ. ನಾನು ಹೇಳದೆ ಬಿಟ್ಟದ್ದನ್ನೂ ಅಪ್ಪಣೆ ಎಂದು ಪಾಲಿಸಿದೆ. ನಾನು ಕೇಳು ಎಂದಾಗ ಇಷ್ಟು ಕೇಳಿದ್ದರೆ ನೀನು ಇವತ್ತು ಇಂಜಿನಿಯರು!

ಅದೂ ಹೋಗಲಿ. ಮಗಳಿಗೆ ಒಂದು ಸುಳ್ಳು, ನನಗೆ ಒಂದು ಸುಳ್ಳು, ಮದುವೆಯಾಗುವವಳಿಗೆ ಒಂದು ಸುಳ್ಳು. ಇರುವ ಒಂದು ತಲೆಯಿಂದ ಎಷ್ಟು ಜನಕ್ಕೆ ಟೋಪಿ ಹಾಕುತ್ತೀಯೋ! ಆಕೆ ನಿನ್ನ ಬೂಟು ನೋಡಿ ಮೆಚ್ಚಿದವಳು. ತಲೆಯವರೆಗೆ ಬರುವಷ್ಟರಲ್ಲಿ ಮನಸ್ಸು ಮಾಡಿ ಆಗಿತ್ತು. ಅಷ್ಟು ತಿಳಿಯಲಿಲ್ಲವೇ ನಿನಗೆ?

ಒಂದು ವರ್ಷ. ಒಂದು ವರ್ಷ ನನಗೆ ಬರೆದ ಕಾಗದಗಳಲ್ಲಿ ಬಚ್ಚಲ ಬಾಗಿಲ ಸುದ್ದಿ ಬರೆದೆ, ವೆಲ್ಡರಿನ ಹಲ್ಲುನೋವಿನ ಸುದ್ದಿ ಬರೆದೆ, ಕೇಬಲ್ಲಿಗೆ ಹಚ್ಚುವ ಗ್ರೀಸು ಕಳಪೆಯಾಯಿತು ಎಂದು ಒಂದು ಪುಟ ಬರೆದೆ. ಆಕೆಯ ಬಗ್ಗೆ ಒಂದು ಸಾಲು ಬರೆಯಲು ಶಾಯಿ ಇರಲಿಲ್ಲ. ನಾನು ಬೇಡ ಎನ್ನುತ್ತೇನೆ ಎಂದುಕೊಂಡೆಯಾ? ನೀನು ಒಬ್ಬನೇ ಇದ್ದೀಯ ಎಂದು ಇಲ್ಲಿ ನಾನು ಪಡುತ್ತಿದ್ದ ಸಂಕಟಕ್ಕೆ ಲೆಕ್ಕವಿಲ್ಲ. ಆ ಸಂಕಟವನ್ನೆಲ್ಲ ಸುಮ್ಮಸುಮ್ಮನೆ ಪಟ್ಟೆನಲ್ಲ, ಅದಕ್ಕೆ ನನಗೆ ಸಿಟ್ಟು.

ಬರಬೇಡ ಎಂದೆ. ಸರಿ. ಹೊದಿಸಿದ ಬಟ್ಟೆಯನ್ನು ಗಿರಾಕಿ ಬೇಡವೆಂದರೆ ಬಿಚ್ಚಿ ಇಡುವುದು ನನಗೆ ಗೊತ್ತು.

ತಲೆಯ ಹಕ್ಕಳೆ ಮೆತ್ತಗಾಯಿತೇ, ಕೀವು ನಿಂತಿತೇ, ಇಷ್ಟು ಮಾತ್ರ ಒಂದು ಸಾಲು ಬರೆ. ಬೇರೇನೂ ಬೇಕಿಲ್ಲ. ನರ್ಸಮ್ಮ ಹೇಳಿದ ಹಾಗೆ ತೊಳೆ. ಕೇಳಿಸಿತಾ? ತೊಳೆ.

ಅಕ್ಕ


ಮಾರ್ಚ್ ೧೪

ಅಕ್ಕನಿಗೆ,

ನೀನು ಒಂದು ಸಾಲು ಕೇಳಿದ್ದೆ. ಕೀವು ನಿಂತಿತು, ಹಕ್ಕಳೆ ಹೋಯಿತು.

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. ನಾನೀಗ ಮನೆಗೆ ಬಂದಿದ್ದೇನೆ. ಮಗಳೇ ಬಂದು ಕರೆದುಕೊಂಡು ಬಂದಳು. ಕರೆದುಕೊಂಡು ಬಂದಳು ಎನ್ನುವುದಕ್ಕಿಂತ ಎಳೆದುಕೊಂಡು ಬಂದಳು ಎನ್ನಬೇಕು. ಇನ್ನೊಂದು ಮದುವೆ ಎಂದದ್ದಕ್ಕೆ ಅವಳ ಸಿಟ್ಟು ಇಳಿದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಆದರೆ ದಿನಾ ಕೆಲಸಕ್ಕೆ ಹೋಗುವ ಮೊದಲು ಬಚ್ಚಲಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಗೆ ನೊರೆ ಹಚ್ಚಿ, ನೆನೆಯಲು ಬಿಟ್ಟು, ಬಟ್ಟಲಿನಿಂದ ನೀರು ಸುರಿದು ತೊಳೆಯುತ್ತಿದ್ದಳು. ಬೆರಳ ತುದಿಯಿಂದ ಎಷ್ಟು ಮೆಲ್ಲಗೆ ಸವರುತ್ತಿದ್ದಳೆಂದರೆ, ಬಾಯಿಯ ಮಾತಿಗೂ ಕೈಯ ಕೆಲಸಕ್ಕೂ ಸಂಬಂಧವೇ ಇರುತ್ತಿರಲಿಲ್ಲ. "ಅಮ್ಮ ಇದ್ದಿದ್ರೆ ಚಪ್ಪಲಿ ತಗೋತಿದ್ಲು, ಅಲುಗಾಡಬೇಡಿ. ನನಗೆ ಹೇಳೋಕೆ ಏನು ದಾಡಿ ನಿಮಗೆ, ತಲೆ ಬಗ್ಗಿಸಿ. ಕಣ್ಣು ಮುಚ್ಕೊಳ್ಳಿ, ನೊರೆ ಹೋಗುತ್ತೆ." ಅಳಿಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಿದ್ದ. ಹಕ್ಕಳೆ ನೆನೆನೆನೆದು ಹೊಟ್ಟಿನ ಹಾಗೆ ನೀರಿನಲ್ಲಿ ಇಳಿದು ಹೋಯಿತು. ಕೆಳಗೆ ಎಳೆ ಗುಲಾಬಿ ಬಣ್ಣದ ಚರ್ಮ, ಅದರ ಮೇಲೆ ಸಾಲುಸಾಲಾಗಿ ಪುಟ್ಟ ಕೂದಲು. ಕನ್ನಡಿ ನೋಡಿ ಬಹಳ ಹೊತ್ತು ನಿಂತಿದ್ದೆ.

ಈ ವಾರ ಆ ಕೂದಲೆಲ್ಲ ಉದುರುತ್ತಿದೆ, ಅಕ್ಕ.

ದಿಂಬಿನ ಮೇಲೆ, ಟವೆಲ್ಲಿನ ಮೇಲೆ, ಅಂಗಿಯ ಹೆಗಲ ಮೇಲೆ. ಮತ್ತೆ ಆಸ್ಪತ್ರೆಗೆ ಓಡಿದೆ. ನರ್ಸಮ್ಮ ಹಣೆ ಚಚ್ಚಿಕೊಂಡಳು. "ಮೊದಲನೇ ದಿನವೇ ಹೇಳಿದ್ವಲ್ರೀ! ನೆಟ್ಟಿದ್ದು ಮೊದಲು ಉದುರುತ್ತೆ. ಬೇರು ಒಳಗೇ ಇರುತ್ತೆ. ಹೊಸದು ಬರೋಕೆ ತಿಂಗಳುಗಟ್ಟಲೆ ಬೇಕು." ಹೇಳಿದ್ದರಂತೆ. ನಾನು 'ಬರುತ್ತೆ' ಎಂಬುದನ್ನು ಕೇಳಿಸಿಕೊಂಡು ಎದ್ದು ಬಂದಿದ್ದೆ. ಹಾಗಾಗಿ ಮದುವೆಯ ದಿನ ನನ್ನ ತಲೆ ಮೊದಲಿದ್ದ ಹಾಗೇ ಇರುತ್ತದೆ. ವ್ಯತ್ಯಾಸವೆಂದರೆ ಈಗ ಕೆಂಪಗಿರುತ್ತದೆ.

ಆಕೆಗೂ ಹೇಳಿದೆ. ಅಂಗಡಿಗೆ ಹೋಗಿ ಟೋಪಿ ತೆಗೆದೆ. "ಬೆಳಕಿಗೆ ಬನ್ನಿ" ಎಂದು ಕಿಟಕಿಯ ಹತ್ತಿರ ಕೂರಿಸಿ, ಕನ್ನಡಕದ ಸಣ್ಣ ಸ್ಕ್ರೂ ನೋಡುವ ಗಾಜಿನಿಂದ ಇಡೀ ತಲೆ ನೋಡಿದಳು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ, ಯಾಕೋ ಗೊತ್ತಾಗಲಿಲ್ಲ. "ಇದನ್ನ ನನಗೋಸ್ಕರ ಮಾಡಿಸಿಕೊಂಡೆ ಅಂತ ಮಾತ್ರ ಹೇಳ್ಬೇಡಿ, ಸಿಟ್ಟು ಬರುತ್ತೆ" ಎಂದಳು. ಆಮೇಲೆ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಮಾತಾಡಿದಳು. ಮದುವೆ ಹೇಳಿದ ದಿನವೇ ನಡೆಯುತ್ತದೆ.

ನಿನ್ನ ವಿಷಯ. ಅವತ್ತು ಸಿಟ್ಟಿನಲ್ಲಿ ಬರೆದೆ. ಆದರೂ ಯೋಚಿಸಿ ನೋಡಿದರೆ ನಿನಗೆ ಅಷ್ಟು ದೂರದ ಪ್ರಯಾಣ ಆಗಿಬರುವುದಿಲ್ಲ. ನೋಂದಣಿ ಕಚೇರಿ ಇರುವುದು ನಾಲ್ಕನೆಯ ಮಹಡಿಯಲ್ಲಿ. ಅಲ್ಲಿನ ಲಿಫ್ಟು ಕೆಟ್ಟು ನಿಂತಿದೆ. ನಿನ್ನ ಮಂಡಿಗೆ ಅಷ್ಟು ಮೆಟ್ಟಿಲು ಕಷ್ಟ. ಹಾಗಾಗಿ ನೋಡು, ನಿನ್ನ ಅನುಕೂಲ.

ನಿನ್ನ ತಮ್ಮ


ಮಾರ್ಚ್ ೨೦

ಗುಬ್ಬಿ,

ಹಕ್ಕಳೆ ಹೋಯಿತು ಎಂದು ಓದಿ ಎದ್ದು ಹೋಗಿ ಬೀಗದ ರಿಪೇರಿಯವನಿಗೆ ನಿನಗೆ ಪ್ರಜ್ಞೆ ಬಂತು ಎಂದು ಹೇಳಿ ಬಂದೆ. ಅವನು ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದ.

ಕೂದಲು ಉದುರಿದ್ದಕ್ಕೆ ನಾನು ನಗುತ್ತೇನೆ ಎಂದು ಕಾಯುತ್ತಿದ್ದರೆ, ಇಲ್ಲ, ನಗಲಿಲ್ಲ. ಅರ್ಧ ಗಂಟೆ ತಡೆದುಕೊಂಡೆ. ಆಮೇಲೆ ನಕ್ಕೆ. ಕೇಳಿಸಿಕೊಳ್ಳದ ಕಿವಿ ನನ್ನದು ಎಂದು ಇಷ್ಟು ದಿನ ಕೊರಗುತ್ತಿದ್ದೆ. ನರ್ಸಮ್ಮನ ಒಂದು ವಾಕ್ಯದಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡು ಬಂದ ನಿನ್ನ ಕಿವಿಯ ಮುಂದೆ ನನ್ನದು ಚಿನ್ನ.

ಆದರೆ ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ, ಅದರ ಆಸೆ ಇಟ್ಟುಕೊಳ್ಳಬೇಡ. "ನಿನ್ನ ಅನುಕೂಲ" ಎಂದು ಬರೆದೆಯಲ್ಲ, ಆ ಮಾತಿಗೆ ಹೊಸದಾಗಿ ಬಂದಿದೆ. ಬಾ ಎನ್ನಲು ನಾಲಿಗೆ ಏಳಲಿಲ್ಲ, ಬರಬೇಡ ಎನ್ನಲು ಧೈರ್ಯ ಸಾಲಲಿಲ್ಲ, ನಡುವೆ ಒಂದು ಲಿಫ್ಟನ್ನು ತಂದು ನಿಲ್ಲಿಸಿದೆ.

ಈಗ ಕೇಳು. ನಿನ್ನ ವಿಷಯದಲ್ಲಿ ಇನ್ನೊಬ್ಬರಿಗೆ ಕಾಗದ ಹಾಕಬೇಡ ಎಂದಿದ್ದೆ. ಹಾಕಿದೆ. ವಿಳಾಸ ನಿನ್ನ ಮಗಳಿಂದ ತರಿಸಿಕೊಂಡೆ, ಅವಳ ಸಿಟ್ಟಿಗೂ ನನ್ನ ಸಿಟ್ಟಿಗೂ ಈಗ ಒಳ್ಳೆಯ ಸ್ನೇಹ. ಕನ್ನಡಕದಂಗಡಿಯಾಕೆಗೆ ಬರೆದೆ: "ನಾನು ಅವನ ಅಕ್ಕ. ಅವನು ಬೇರೆ ಊರಿಗೆ ಹೋಗಿಲ್ಲ, ತಲೆಯ ಮೇಲೆ ಹೊಲ ಮಾಡಿಸಿಕೊಂಡು ಕೂತಿದ್ದಾನೆ. ಸುಳ್ಳು ಹೇಳುವುದು ಅವನ ಅಭ್ಯಾಸವಲ್ಲ, ಅಭ್ಯಾಸವಿದ್ದಿದ್ದರೆ ಇಷ್ಟು ಕೆಟ್ಟದಾಗಿ ಹೇಳುತ್ತಿರಲಿಲ್ಲ. ಅವನೇ ಬಂದು ಹೇಳುವವರೆಗೆ ಕಾದು ನೋಡಿ. ಹೇಳದಿದ್ದರೆ ಮದುವೆಯಾಗಬೇಡಿ. ನನಗೆ ಬೇಸರವಿಲ್ಲ." ಆಕೆ ಯಾಕೆ ಆಶ್ಚರ್ಯಪಡಲಿಲ್ಲ ಎಂದು ಈಗ ತಿಳಿಯಿತೇ?

ಆಕೆಯ ಉತ್ತರ ನಿನ್ನ ಕಾಗದಕ್ಕಿಂತ ಮೊದಲೇ ಬಂತು. ದುಂಡಗಿನ ಅಕ್ಷರ, ದೊಡ್ಡದಾಗಿ ಬರೆದಿದ್ದಾಳೆ, ನನ್ನ ಕಣ್ಣಿನ ಬಗ್ಗೆ ಯೋಚಿಸಿ ಬರೆದದ್ದು. ನೀನು ಬಂದು ಟೋಪಿ ತೆಗೆದೆ ಎಂದು ಬರೆದಿದ್ದಾಳೆ. "ಕಾದದ್ದು ಸಾರ್ಥಕವಾಯಿತು. ಎರಡು ದಿನ ಮಾತು ಬಿಟ್ಟಿದ್ದೇನೆ, ಅದು ಶಿಕ್ಷೆ, ಮೂರನೆಯ ದಿನ ಮಾತಾಡಿಸುತ್ತೇನೆ" ಎಂದಿದ್ದಾಳೆ. ನನಗೆ ಆ ಹುಡುಗಿ ಅಲ್ಲಿಗೇ ಹಿಡಿಸಿದಳು. ಕೊನೆಗೆ ಇನ್ನೂ ಒಂದು ಮಾತು ಬರೆದಿದ್ದಾಳೆ. ಸಾಕ್ಷಿ ಸಹಿ ಹಾಕಲು ಎರಡೂ ಕಡೆಯವರು ಬೇಕಂತೆ. ನಿನ್ನ ಕಡೆಗೆ ಮಗಳು, ಅಳಿಯ, ಆ ವೆಲ್ಡರು ಎಲ್ಲ ಇದ್ದಾರೆ. ಆಕೆಗೆ ತನ್ನವರು ಎನ್ನುವ ಯಾರೂ ಇಲ್ಲ. "ನಾನು ಕೇಳುವುದು ತಪ್ಪೋ ಸರಿಯೋ ತಿಳಿಯದು. ನನ್ನ ಕಡೆಯಿಂದ ನೀವು ಬಂದು ನಿಲ್ಲುತ್ತೀರಾ?" ಎಂದು ಕೇಳಿದ್ದಾಳೆ.

ಹೌದು ಎಂದು ಬರೆದು ಹಾಕಿದ್ದೇನೆ.

ನಿನ್ನ ಕಡೆಯಿಂದ ಬರಬೇಡ ಎಂದೆಯಲ್ಲ, ಬರುವುದಿಲ್ಲ. ನಿನ್ನ ಮಾತಿಗೆ ಅಷ್ಟು ಬೆಲೆ ಕೊಡುತ್ತೇನೆ. ನಾನು ಹೆಣ್ಣಿನ ಕಡೆಯವಳಾಗಿ ಬರುತ್ತೇನೆ. ಹೆಣ್ಣಿನ ಕಡೆಯವಳು ಎಂದ ಮೇಲೆ ಗಂಡನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು ನನಗಿದೆ, ಕೇಳಿಯೇ ಸಹಿ ಹಾಕುತ್ತೇನೆ. ಆಕೆಯ ಮನೆಯಲ್ಲೇ ಉಳಿಯುತ್ತೇನೆ. ಆರಾಮಕುರ್ಚಿಯ ಸ್ಪ್ರಿಂಗು ಎದ್ದಿದೆಯಂತೆ, ಸುತ್ತಿಗೆ, ಮೊಳೆ ಎಲ್ಲ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಬಸ್ಸಿನ ಟಿಕೆಟ್ಟೂ ಆಗಿದೆ.

ಇನ್ನು ಆ ಲಿಫ್ಟು. ನೀನು ಬೇರೇನು ಕೆಲಸ ಮಾಡುತ್ತೀಯೋ ನನಗೆ ಗೊತ್ತಿಲ್ಲ. ಹೋಗಿ ರಿಪೇರಿ ಮಾಡು. ಹೆಣ್ಣಿನ ಕಡೆಯವರು ನಾಲ್ಕು ಮಹಡಿ ಮೆಟ್ಟಿಲು ಹತ್ತುವುದಿಲ್ಲ.

ಅಕ್ಕ